ಗುಡಾರದ ಬಾಯಿ ಯಾವ ಕಡೆಗೆ

"ಇದೇನ್ಲೇ ಇದು? ಗುಡಾರ ಕೊಡಸ್ತೀನಿ ಅಂತ ಕರಕೊಂಡ ಬಂದು ಹೆಣ್ಮಕ್ಕಳ ಸೆರಗ ಕೈಯಾಗ ಇಡಾಕತ್ತೀಯಲ್ಲ! ಉಫ್ ಅಂದ್ರ ಹಾರಿ ಸೊಲ್ಲಾಪುರ ಮುಟ್ಟತೈತಿ!"

ಅಮೋಘಿ ಕೈಯಲ್ಲಿದ್ದ ಹಳದಿ ಚೀಲವನ್ನು ಅಂಗಡಿಯ ಹಲಗೆಯ ಮೇಲೆ ಒಗೆದ. ಸಪ್ಪಳವೇ ಬರಲಿಲ್ಲ. ಅದರಿಂದ ಅವನ ಸಿಟ್ಟು ಇನ್ನಷ್ಟು ಏರಿತು. ಸಿಟ್ಟಿನಿಂದ ಒಗೆದ ವಸ್ತು ಧಡ್ ಅಂತಲಾದರೂ ಬೀಳಬೇಕಲ್ಲ.

"ಹಗರ ಇರೋದ ಅದರ ಗುಣ, ಮಾವ," ಎಂದ ಸುಭಾಷ. ಅವನು ಅಮೋಘಿಯ ಹೆಂಡತಿ ಹೊಳೆವ್ವನ ತಮ್ಮ. ಐದಾರು ವರ್ಷದಿಂದ ಅಕ್ಕ-ಮಾವನ ಕುರಿಯ ಹಿಂದೆಯೇ ಅಡ್ಡಾಡುತ್ತಿದ್ದ. "ಹೇರಾಕ ಇದ್ದ ಒಂದ ಕತ್ತೇನೂ ಸತ್ತು ಹೋತು. ಆ ತೊಯ್ದ ತಾಡಪತ್ರಿ ಇನ್ನ ಯಾರ ಹೊರಬೇಕು? ನೀವ ಹೊರ್ತೀರೇನು?"

"ನಿಮ್ಮಕ್ಕ ಹೊರ್ತಾಳ!"

"ಅಕ್ಕನ ನಡಾ ಬಿದ್ದು ವರ್ಷ ಆತು. ನಿಮಗ ಕಾಣಸಂಗಿಲ್ಲ, ನನಗ ಕಾಣಸ್ತೈತಿ."

"ನಿನಗ ಭಾಳ ಕಾಣಸ್ತೈತಿ ಬಿಡು. ಕಾಖಂಡಕಿಯೊಳಗ ಕಣ್ಣ ಎಲ್ಲಿ ಇಟಗೊಂಡಿದ್ದಿ?"

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಶ್ಫಾಕ ಕಾಲು ತುಳಿಯುವುದನ್ನು ನಿಲ್ಲಿಸಿ ಇಬ್ಬರ ಮುಖ ನೋಡಿದ. ಸೊಲ್ಲಾಪುರ ರಸ್ತೆಯಲ್ಲಿ ಲಾರಿಗಳ ಹೊದಿಕೆ, ಮಂಟಪದ ಬಟ್ಟೆ ಹೊಲಿಯುವ ಅಂಗಡಿ ಅವನದು. ಜಗಳವಾಡುವ ಗಿರಾಕಿಗಳನ್ನು ಅವನು ದಿನವೂ ನೋಡುತ್ತಿದ್ದ. ಆದರೆ ಗುಡಾರದ ಮಾತಿನಲ್ಲಿ ಕಾಖಂಡಕಿ ಯಾಕೆ ಬಂತೋ ಅವನಿಗೆ ತಿಳಿಯಲಿಲ್ಲ.

ಅಮೋಘಿಯ ಕುರಿಹಟ್ಟಿ ಹೋದ ತಿಂಗಳು ಕಾಖಂಡಕಿಯ ಹೊಲವೊಂದರಲ್ಲಿ ಇಳಿದಿತ್ತು. ಅಲ್ಲಿಂದ ಎರಡು ಮರಿ ಕಾಣೆಯಾದವು. ಕಾವಲಿಗಿದ್ದವನು ಸುಭಾಷ. ತೋಳ ಒಯ್ದಿತು ಎಂದ. ತೋಳ ಒಯ್ದರೆ ರಕ್ತವೆಲ್ಲಿ, ಉಣ್ಣೆಯೆಲ್ಲಿ, ನಾಯಿ ಯಾಕೆ ಬೊಗಳಲಿಲ್ಲ? ಅಮೋಘಿ ಬಾಯಿ ಬಿಟ್ಟು ಕಳ್ಳ ಎನ್ನಲಿಲ್ಲ. ಆದರೆ ಅಂದಿನಿಂದ ಹೆಂಡತಿಯ ತಮ್ಮನನ್ನು ನೋಡುವ ಅವನ ಕಣ್ಣು ಬೇರೆಯಾಗಿತ್ತು.

"ಕಾಕಾ, ಒಂದ ಸಲ ಬಿಚ್ಚಿ ನೋಡ್ರಿ," ಎಂದು ಅಶ್ಫಾಕ ಎದ್ದು ಬಂದ. "ಗುಡ್ಡಾ ಹತ್ತೋ ಮಂದಿ ಹೇಳಿ ಹೊಲಿಸಿದ್ರು. ಮೂರ ಒಯ್ದ್ರು, ಒಂದ ಬಿಟ್ಟ ಹೋದ್ರು. ನಡುವ ಒಂದ ಕೋಲು, ನಾಕ ಮೂಲಿಗೆ ನಾಕ ಗೂಟ, ಮಗ್ಗಲಿಗೊಂದ ಹಗ್ಗ. ಇಷ್ಟ."

"ಆ ಮಂದಿ ಯಾಕ ಬಿಟ್ಟ ಹೋದ್ರು? ಹರದಿತ್ತೇನು?"

"ಒಬ್ಬಾಂವ ಬರಲಿಲ್ರಿ."

"ಯಾಕ ಬರಲಿಲ್ಲ?"

"ಅದನ್ನ ನಾ ಹೆಂಗ ಹೇಳ್ಲಿ ಕಾಕಾ? ಲಗ್ನ ಆಗಿರಬೇಕು!" ಎಂದು ಅಶ್ಫಾಕ ನಕ್ಕ. ಸುಭಾಷನೂ ನಕ್ಕ. ಅಮೋಘಿ ನಗಲಿಲ್ಲ. ಇಬ್ಬರೂ ಒಟ್ಟಿಗೆ ನಕ್ಕಿದ್ದೇ ಅವನಿಗೆ ಸಂಶಯಕ್ಕೆ ಇನ್ನೊಂದು ಕಾರಣವಾಯಿತು. ಇವರಿಬ್ಬರಿಗೂ ಮೊದಲೇ ಪರಿಚಯವಿದೆಯೋ ಏನೋ.

ಆದರೂ ಬಿಚ್ಚಿದ. ಬಟ್ಟೆಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕಿದ. ಮೂಲೆಯನ್ನು ಕಾಲಡಿ ಹಾಕಿ ಎರಡೂ ಕೈಯಿಂದ ಜಗ್ಗಿದ. ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಎಳೆದ, ದಾರ ಮಿಸುಕಲಿಲ್ಲ. ಕೊನೆಗೆ ಅಂಗಡಿಯ ಕುಡಿಯುವ ನೀರಿನ ತಂಬಿಗೆಯನ್ನು ಕೇಳದೆಯೇ ಎತ್ತಿಕೊಂಡು ಬಟ್ಟೆಯನ್ನು ಗುಂಡಿ ಮಾಡಿ ಅದರಲ್ಲಿ ಸುರಿದ. ಕೆಳಗೆ ಕೈ ಹಿಡಿದು ಕಾದ. ಅಶ್ಫಾಕನ ಚಹಾ ಬಂದು, ಕುಡಿದು, ಲೋಟ ತಿರುಗಿ ಹೋದರೂ ಒಂದು ಹನಿ ಕೈಗೆ ಬೀಳಲಿಲ್ಲ.

ಕಾಯುವಾಗ ಅವನಿಗೆ ಹೋದ ವರ್ಷದ ಸಂಜೆ ನೆನಪಾಯಿತು. ತೊರವಿಯ ಹತ್ತಿರ ಹಟ್ಟಿ ಹಾಕಿದ್ದರು. ಅಡ್ಡಮಳೆ ಬಂತು, ಆಲಿಕಲ್ಲು ಬಿತ್ತು. ಹಳೆಯ ಗುಡಾರದ ತಾಡಪತ್ರಿ ನೀರು ತುಂಬಿ ಹೊಟ್ಟೆ ಇಳಿಬಿಟ್ಟು ಗೂಟ ಕಿತ್ತು ಧಪ್ಪನೆ ಮರಿಗಳ ಮೇಲೆ ಕುಸಿಯಿತು. ಅದನ್ನು ಎತ್ತಲು ಮೂವರಿಗೂ ಆಗಲಿಲ್ಲ. ಕೆಳಗಿನಿಂದ ಮರಿಗಳ ದನಿ ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ಈ ವರ್ಷ ಮತ್ತೆ ಕುರಿ ಈದಿವೆ, ಮತ್ತೆ ಮಳೆ ಎದುರಿಗಿದೆ. ಮರಿ ಹೋದರೆ ಹಿಂಡು ಮುಪ್ಪಾಗುತ್ತದೆ. ಮುಪ್ಪಾದ ಹಿಂಡನ್ನು ಹೊಡೆದುಕೊಂಡು ಅಮೋಘಿ ಎಲ್ಲಿಗೆ ಹೋಗಬೇಕು? ಈ ವರ್ಷ ಇನ್ನು ಒಂದು ಮರಿಯೂ ಹೋಗಬಾರದು. ಇಷ್ಟೇ ಅವನ ತಲೆಯಲ್ಲಿ.

ಕಣ್ಣೆತ್ತಿದರೆ ಸುಭಾಷ ಪಕ್ಕದಲ್ಲಿಲ್ಲ. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತು ಮೊಬೈಲಿನಲ್ಲಿ ಮಾತಾಡುತ್ತಿದ್ದ. ಬಾಯಿಗೆ ಕೈ ಅಡ್ಡ ಹಿಡಿದಿದ್ದ.

"ಯಾರದಲೇ ಫೋನು?" ತಿರುಗಿ ಬಂದಾಗ ಅಮೋಘಿ ಕೇಳಿದ.

"ಯಾರದೂ ಇಲ್ಲ. ಟಿಕೋಟಾದ ದೋಸ್ತ ಒಬ್ಬಾಂವ."

"ಯಾರದೂ ಇಲ್ಲ, ದೋಸ್ತ ಒಬ್ಬಾಂವ. ಎರಡರಾಗ ಯಾವುದ ಖರೇ?"

ಸುಭಾಷ ಗುಡಾರವನ್ನು ಮಡಚಿ ಚೀಲಕ್ಕೆ ತುರುಕತೊಡಗಿದ. ಅಮೋಘಿ ಹಲಗೆಯ ಮೇಲೆ ರೊಕ್ಕ ಎಣಿಸಿಟ್ಟು ಗುಡಾರ ಕೊಂಡ.

ಈಗ ಹಟ್ಟಿ ಇಳಿದಿದ್ದ ಬಬಲೇಶ್ವರದ ಹೊಲ ಮುಟ್ಟಿದಾಗ ಹೊತ್ತು ಇನ್ನೂ ಮೇಲಿತ್ತು. ದಾರಿಯುದ್ದಕ್ಕೂ ಸುಭಾಷ ಬೈಕು ಹೊಡೆದ, ಅಮೋಘಿ ಹಿಂದೆ ಕೂತು ಚೀಲವನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದ. ಕಡಲೆ ಕಿತ್ತ ಕಪ್ಪು ಎರೆಮಣ್ಣಿನ ಹೊಲ ಅದು. ಗೊಬ್ಬರಕ್ಕೆಂದು ಹೊಲದವನು ಕುರಿ ನಿಲ್ಲಿಸಲು ಹೇಳಿದ್ದ. ಹೊಲದ ಪಡುವಣ ಮಗ್ಗುಲಿಗೆ ಬಲೆ ಕಟ್ಟಿದ ಹಟ್ಟಿ, ಮೂಡಣ ಮಗ್ಗುಲಿಗೆ ಡಾಂಬರು ರಸ್ತೆ. ಹೊಳೆವ್ವ ಒಂದು ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಎದುರು ಬಂದಳು. ಆ ಮರಿಯ ಒಂದು ಕಿವಿ ಮಾತ್ರ ಕಪ್ಪು. ತಾಯಿ ಮೊಲೆಗೆ ಬಿಡಲೊಲ್ಲದ್ದಕ್ಕೆ ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು.

"ಇಷ್ಟಽ ಐತೇನ್ರಿ?" ಎಂದು ಚೀಲ ನೋಡಿ ಕೇಳಿದಳು.

"ಇಷ್ಟಽ. ನಿನ್ನ ತಮ್ಮ ಆರಿಸಿದ್ದು. ಅಂವನ್ನ ಕೇಳು."

ಗುಡಾರ ನಿಲ್ಲಿಸುವ ಕೆಲಸಕ್ಕೆ ಇಳಿದ ಮೇಲೆ ಮಾತ್ರ ಇಬ್ಬರ ಜಗಳ ತುಸು ಹೊತ್ತು ಮರೆತುಹೋಯಿತು. ಸುಭಾಷ ಬಟ್ಟೆಯನ್ನು ನೆಲಕ್ಕೆ ಹಾಸಿ ಮೊದಲು ನಾಲ್ಕು ಮೂಲೆ ಸರಿಯಾಗಿ ಎಳೆದ. ಅಶ್ಫಾಕ ಕೊಟ್ಟ ಕಬ್ಬಿಣದ ಗೂಟ ಬಡಿದರೆ ಅವು ಎರೆಯ ಬಿರುಕಿನಲ್ಲಿ ಸರಕ್ಕನೆ ಇಳಿದು ಅಷ್ಟೇ ಸರಾಗವಾಗಿ ಹೊರಬಂದವು.

"ನೋಡಿದಿ? ಗುಡ್ಡಾ ಹತ್ತೋ ಮಂದಿ ಗೂಟ ಎರಿಯೊಳಗ ನಿಂದ್ರಂಗಿಲ್ಲ," ಎಂದ ಅಮೋಘಿ. ಅವನ ದನಿಯಲ್ಲಿ ಸಂತೋಷವಿತ್ತು. "ಸರಿ ಆ ಕಡೆ."

ಬದುವಿನಿಂದ ತಲೆಗಾತ್ರದ ಕಲ್ಲು ಹೊತ್ತು ತಂದ. ಮೂಲೆಗೊಂದು ಮೊಣಕಾಲುದ್ದದ ಗುಂಡಿ ತೋಡಿ, ಕಲ್ಲಿಗೆ ಹಗ್ಗ ಸುತ್ತಿ, ಕುಣಿಕೆ ಮೇಲೆ ಬರುವಂತೆ ಹೂತು ಮಣ್ಣು ತುಳಿದ. ಮಳೆ ಬಂದು ಎರೆ ಬೆಣ್ಣೆಯಾದರೂ ಹೂತ ಕಲ್ಲು ಏಳುವುದಿಲ್ಲ. ಸುಭಾಷ ಆ ಕುಣಿಕೆಗಳಿಗೆ ಗುಡಾರದ ಮೂಲೆ ಬಿಗಿದ. ಆಮೇಲೆ ತನ್ನ ಎತ್ತರದ ಬಿದಿರುಕೋಲನ್ನು ತೆಗೆದುಕೊಂಡು ಬಟ್ಟೆಯ ಕೆಳಗೆ ನುಸುಳಿದ. ಕೋಲಿನ ತುದಿ ನೆತ್ತಿಗೆ ಸಿಕ್ಕಿ, ಒಂದು ಸಲ ಮೇಲಕ್ಕೆ ಒತ್ತಿದ್ದೇ ತಡ, ನೆಲಕ್ಕೆ ಬಿದ್ದಿದ್ದ ಹಳದಿ ಬಟ್ಟೆ ಗುಡಿಯ ಶಿಖರದ ಹಾಗೆ ಎದ್ದು ನಿಂತಿತು. ಹೊಳೆವ್ವ "ಯವ್ವಾ!" ಎಂದಳು. ಬಟ್ಟೆಗೆ ಬೆರಳಿನಿಂದ ಬಡಿದರೆ ಹಲಗೆ ಬಾರಿಸಿದಂತೆ ಸಪ್ಪಳವಾಯಿತು.

"ನಿನ್ನ ಕೋಲು ಇದಕ್ಕ ಹಾಕಿದ್ರ ನೀ ಏನ ಹಿಡಕೋತಿ?" ಎಂದು ಅಮೋಘಿ ಕೇಳಿದ.

"ಜಾಲಿ ಬಡಿಗಿ ಒಂದ ಕಡಕೋತೀನಿ. ನಿಮ್ಮದ ಕೊಡ್ರಿ ಅಂದ್ರ ಕೊಡ್ತೀರೇನು?"

ಅಮೋಘಿ ತನ್ನ ಕೋಲನ್ನು ಕೈಯಿಂದ ಕೈಗೆ ಬದಲಿಸಿದ. ಕುರಿಯವನ ಕೋಲು ಅವನ ಕೈಯ ಮುಂದುವರಿದ ಭಾಗ. ಅದನ್ನು ಬಿಟ್ಟು ಅವನು ಊಟಕ್ಕೂ ಕೂಡುವುದಿಲ್ಲ. ಸುಭಾಷ ಅದನ್ನೇ ಕೊಟ್ಟಿದ್ದ. ಬೇರೆ ದಿನವಾಗಿದ್ದರೆ ಅಮೋಘಿಗೆ ಅದು ಕಾಣುತ್ತಿತ್ತು. ಅಂದು ಬೇರೊಂದು ಕಂಡಿತು.

"ಬಾಯಿ ಯಾಕ ಆ ಕಡೆ ಐತಿ?"

ಗುಡಾರಕ್ಕಿದ್ದದ್ದು ಒಂದೇ ಬಾಗಿಲು, ಜಿಪ್ಪಿನದು. ಅದು ಮೂಡಣಕ್ಕೆ, ರಸ್ತೆಯ ಕಡೆಗಿತ್ತು. ಬೆನ್ನು ಹಟ್ಟಿಗೆ.

"ಈಗ ಗಾಳಿ ಪಡುವಣದಿಂದ ಬೀಸಾಕತ್ತೈತಿ, ಮಾವ. ಮೂರ ಮಗ್ಗಲಿಗೆ ಎಷ್ಟ ಗಾಳಿ ಹೊಡದ್ರೂ ಜಾರಿ ಹೋಗತೈತಿ. ಬಾಯಿ ಗಾಳಿಗೆ ಕೊಟ್ರ ಮಾತ್ರ ಒಳಗ ತುಂಬಿ ಎತ್ತಿ ಒಗೀತೈತಿ. ಅಶ್ಫಾಕ ಭಾಯಿ ಸಾರಿ ಸಾರಿ ಹೇಳ್ಯಾನ."

"ನಮ್ಮಪ್ಪ, ನಮ್ಮ ಮುತ್ಯಾ, ಎಲ್ಲಾರೂ ಗುಡಾರದ ಬಾಯಿ ಹಟ್ಟಿ ಕಡೆ ಇಟ್ಟಾರ. ಮಲಗಿದಲ್ಲಿಂದ ಕಣ್ಣ ಬಿಟ್ರ ಕುರಿ ಕಾಣಬೇಕು. ಹಟ್ಟಿಗೆ ಬೆನ್ನ ಕೊಟ್ಟ ಮಲಗೋ ಕುರುಬನ್ನ ಎಲ್ಲೆರ ನೋಡಿಯೇನು?"

"ಅವರದ ತಟ್ಟಿ ಗುಡಾರ, ಇದ ಬ್ಯಾರೆ."

"ಬ್ಯಾರೆ! ಕುರಿ ಕಳುವಾಗೋದೂ ಬ್ಯಾರೆ ಆಗೇತೇನು?"

"ಸಾಕ ಬಿಡ್ರಿ," ಎಂದಳು ಹೊಳೆವ್ವ ನಡುವೆ ಬಂದು. "ಅಂವ ತಿಳಕೊಂಡ ಬಂದಾನ. ಹಾಂಗ ಇರಲಿ."

ಅಮೋಘಿ ಉಗುಳಿ ಹಟ್ಟಿಯ ಕಡೆ ನಡೆದ. ಅಕ್ಕ-ತಮ್ಮ ಒಂದಾದರೆ ನಡುವೆ ಗಂಡನೆನ್ನುವವನು ಹೊರಗಿನವನೇ.

ಆ ಸಂಜೆಯೇ ತುಸು ಗಾಳಿ ಎದ್ದಿತು. ಗುಡಾರ ಅಲುಗಲಿಲ್ಲ. ಮರಿಗಳೆಲ್ಲ ಒಳಗೆ ಬೆಚ್ಚಗೆ ಒಂದರ ಮೇಲೊಂದು ಬಿದ್ದು ಮಲಗಿದವು. ಅಮೋಘಿ ಒಪ್ಪಿದ, ಮನಸ್ಸಿನಲ್ಲಿ. ಆದರೆ ನಿದ್ದೆ ಬರಲಿಲ್ಲ. ಹಟ್ಟಿಯಲ್ಲಿ ಒಂದು ಕುರಿ ಕೆಮ್ಮಿದರೂ ಎದ್ದು, ಜಿಪ್ಪು ಎಳೆದು, ಸುತ್ತು ಹಾಕಿ ಹೋಗಿ ನೋಡಬೇಕು. ನೋಡಿದಾಗಲೆಲ್ಲ ಸುಭಾಷ ಹಟ್ಟಿಯ ಹತ್ತಿರ ಕಂಬಳಿ ಹೊದ್ದು ಕೂತಿದ್ದ. ಹಾಗೆ ಕೂತಿರುವುದು ಕಾವಲಿಗೋ, ಇನ್ನಾತಕ್ಕೋ? ಬಾಯಿ ಆ ಕಡೆ ಇಡಲು ಇವನು ಅಷ್ಟು ಹಟ ಹಿಡಿದದ್ದು ಗಾಳಿಗಾಗಿಯೇ? ಅಥವಾ ಮಾವನ ಕಣ್ಣು ರಸ್ತೆಯ ಕಡೆ ಇರಲಿ, ಹಟ್ಟಿ ಬೆನ್ನ ಹಿಂದೆ ಇರಲಿ ಎಂದೇ?

ಸಂಶಯ ಒಮ್ಮೆ ಒಳಗೆ ಬಂದರೆ ಎಲ್ಲವೂ ಅದಕ್ಕೆ ಮೇವು. ಸುಭಾಷ ಮೆಲ್ಲಗೆ ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದಾನೆ. ಗಟ್ಟಿಯಾಗಿ ಮಾತಾಡಿದರೆ ಮುಚ್ಚಿಡಲು ಗಟ್ಟಿಯಾಗಿ ಮಾತಾಡುತ್ತಿದ್ದಾನೆ. ಮೊಬೈಲಿಗೆ ಫೋನು ದಿನಾ ಬರುತ್ತಿತ್ತು. ಬಂದಾಗಲೆಲ್ಲ ಸುಭಾಷ ಬದುವಿನ ಆಚೆ ಹೋಗುತ್ತಿದ್ದ. ಒಂದು ಮುಂಜಾನೆ, "ಕುರಿಗೆ ಜಂತಿನ ಔಷಧ ತರ್ತೀನಿ, ಟಿಕೋಟಾಕ್ಕ ಹೋಗಿ ಬರ್ತೀನಿ," ಎಂದು ಬೈಕು ಹತ್ತಿದ.

"ಔಷಧ ಬಬಲೇಶ್ವರದಾಗ ಸಿಗಂಗಿಲ್ಲೇನು?"

"ಅಲ್ಲೊಂದ ಕೆಲಸಾನೂ ಐತಿ."

"ಏನ ಕೆಲಸ?"

"ಬಂದ ಮ್ಯಾಲ ಹೇಳ್ತೀನಿ, ಮಾವ."

ಬೈಕಿನ ಧೂಳು ರಸ್ತೆಯಲ್ಲಿ ಕರಗುವ ತನಕ ಅಮೋಘಿ ನಿಂತು ನೋಡಿದ. ಟಿಕೋಟಾದಲ್ಲಿ ಮರಿ ಕೊಳ್ಳುವ ದಲ್ಲಾಳಿಗಳು ಇಲ್ಲವೇ? ಇದ್ದಾರೆ. ಇಲ್ಲದ ಊರು ಯಾವುದು? ಹೊಳೆವ್ವ ಕೊಡ ಹಿಡಿದು ಬಾವಿಗೆ ಹೋಗಿದ್ದಳು. ಅವನು ನೆಟ್ಟಗೆ ಗುಡಾರಕ್ಕೆ ಹೋಗಿ ಕೋಲು ಇಳಿಸಿದ. ನಾಲ್ಕೂ ಮಗ್ಗುಲು ಒಂದೇ ಅಳತೆಯವು; ಕಲ್ಲು ಕೀಳುವ ಕೆಲಸವೂ ಇರಲಿಲ್ಲ. ಮೂಲೆಗಳನ್ನು ಕುಣಿಕೆಯಿಂದ ಬಿಚ್ಚಿ, ಬಟ್ಟೆಯನ್ನು ತಿರುಗಿಸಿ, ಮತ್ತೆ ಅವೇ ಕುಣಿಕೆಗೆ ಕಟ್ಟಿದ. ಕೋಲು ಎತ್ತಿದ. ಬಾಯಿ ಈಗ ಪಡುವಣಕ್ಕೆ, ಹಟ್ಟಿಯ ಕಡೆಗೆ. ಒಳಗೆ ಕೂತು ನೋಡಿದ. ಒಂದೊಂದು ಕುರಿಯ ಮುಖವೂ ಕಂಡಿತು. ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು.

ಹೊಳೆವ್ವ ಕೊಡ ಇಳಿಸಿ ನಿಂತಳು.

"ಯಾಕ ತಿರುಗಿಸಿದ್ರಿ? ಅಂವ ಹೇಳಿದ್ನಲ್ರಿ, ಗಾಳಿ..."

"ಗಾಳಿಗಿಂತ ಮನ್ಯಾಗಿನ ಕಳ್ಳನ ಭಯ ದೊಡ್ಡದೈತಿ ನನಗ."

ಹೊಳೆವ್ವ ಕೊಡವನ್ನು ಮತ್ತೆ ಎತ್ತಲಿಲ್ಲ. "ಈ ಮಾತ ಅಂವನ ಕಿವಿಗೆ ಬೀಳಬಾರದ್ರಿ," ಎಂದಳು. "ಬಿದ್ರ ನನಗ ತಮ್ಮ ಇರಂಗಿಲ್ಲ, ನಿಮಗ ಕುರಿ ಕಾಯಾಕ ಕೈ ಇರಂಗಿಲ್ಲ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಡುವಣ ದಿಕ್ಕು ಬೂದಿ ಬಣ್ಣಕ್ಕೆ ತಿರುಗಿತು. ಕುರಿಗಳು ಮೇಯುವುದನ್ನು ಬಿಟ್ಟು ತಲೆ ತಗ್ಗಿಸಿ ಒಂದರ ಹೊಟ್ಟೆಯ ಕೆಳಗೊಂದು ನುಗ್ಗಿದವು. ಗಂಡ-ಹೆಂಡತಿ ಮರಿಗಳನ್ನು ಎತ್ತೆತ್ತಿ ಗುಡಾರಕ್ಕೆ ಹಾಕಿದರು. ಹೊಳೆವ್ವ ಕಪ್ಪು ಕಿವಿಯ ಮರಿಯನ್ನು ಬಾಗಿಲ ಹತ್ತಿರವೇ ಕೂಡಿಸಿದಳು, ಅಳುವಾಗ ಬೇಗ ಕೈಗೆ ಸಿಗಲಿ ಎಂದು. ಅಮೋಘಿ ಜಿಪ್ಪು ಎಳೆಯುವುದಕ್ಕೂ ಮೊದಲ ಧೂಳು ಬಂದು ಮುಖಕ್ಕೆ ಹೊಡೆಯುವುದಕ್ಕೂ ಸರಿಹೋಯಿತು. ಬಾಗಿಲ ಬಟ್ಟೆ ಒಳಕ್ಕೆ ಉಬ್ಬಿತು.

ರಸ್ತೆಯಲ್ಲಿ ಬೈಕಿನ ಸಪ್ಪಳ. ಸುಭಾಷ ಮಳೆಗಿಂತ ಒಂದು ಹೆಜ್ಜೆ ಮುಂದೆ ಬಂದು, ಬೈಕನ್ನು ಹೊಲಕ್ಕೆ ಇಳಿಸಿ ಅಲ್ಲೇ ಕೆಡವಿ ಓಡಿದ.

ಆಮೇಲೆ ಆದದ್ದೆಲ್ಲ ಒಂದು ಚಿಲುಮೆ ಸೇದುವಷ್ಟು ಹೊತ್ತಿನಲ್ಲಿ ಆಯಿತು. ಗಾಳಿಯ ಎರಡನೇ ಏಟಿಗೆ ಜಿಪ್ಪು ಮೇಲಿನಿಂದ ಕೆಳಗಿನವರೆಗೆ ಪರ್ರನೆ ಬಿಚ್ಚಿಕೊಂಡಿತು. ಗಾಳಿ ಒಳಗೆ ನುಗ್ಗಿ ಗುಡಾರ ಕಮ್ಮಾರನ ತಿದಿಯಂತೆ ಉಬ್ಬಿತು. ಬಟ್ಟೆ ಹಾರಲು ಎಳೆಯಿತು, ಹೂತ ಕಲ್ಲು ಬಿಡಲಿಲ್ಲ. ನಡುವಿನ ಕೋಲು ನೆಲ ಬಿಟ್ಟು ಕುಣಿಯತೊಡಗಿತು. ಸುಭಾಷ ಒಳಗೆ ಹಾರಿ ಕೋಲನ್ನು ಎದೆಗೆ ಅಪ್ಪಿ ಕೆಳಕ್ಕೆ ಜಗ್ಗಿ ಕೂತ. ಅಮೋಘಿ ಬಾಗಿಲ ಸೀಳಿಗೆ ತನ್ನ ಬೆನ್ನನ್ನೇ ಅಡ್ಡ ಕೊಟ್ಟ. ಆಲಿಕಲ್ಲು ಬಿದ್ದವು. ಬೆನ್ನಿಗೆ, ನೆತ್ತಿಗೆ, ಕಿವಿಗೆ. ಒಬ್ಬ ಮನುಷ್ಯನ ಬೆನ್ನು ಎಷ್ಟು ಅಗಲ? ಅದರ ಎಡಬಲಕ್ಕೆ ಕಲ್ಲು, ಗಾಳಿ, ನೀರು ಒಳಗೆ ನುಗ್ಗಿದವು. ಬೆದರಿದ ಮರಿಗಳು ಹಿಂದಿನ ಮೂಲೆಗೆ ಒಂದನ್ನೊಂದು ತುಳಿದುಕೊಂಡು ಓಡಿದವು.

"ಬಿಡಬ್ಯಾಡ್ರಿ ಮಾವ! ಬಿಡಬ್ಯಾಡ್ರಿ!" ಎಂದು ಸುಭಾಷ ಒಳಗಿನಿಂದ ಕೂಗುತ್ತಿದ್ದ.

ಮಳೆ ನಿಂತಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಹೊಲವೆಲ್ಲ ಆಲಿಕಲ್ಲಿನಿಂದ ಬೆಳ್ಳಗೆ ಕಂಡಿತು. ಗುಡಾರದ ಮೂರು ಮಗ್ಗುಲು ಗಟ್ಟಿಯಾಗಿ ನಿಂತಿದ್ದವು, ಒಂದು ಎಳೆ ಹರಿದಿರಲಿಲ್ಲ. ಒಳಗೆ ಬಹಳಷ್ಟು ಮರಿಗಳು ನಡುಗುತ್ತ ನಿಂತಿದ್ದವು. ಬಾಗಿಲ ಹತ್ತಿರ ನಾಲ್ಕಾರು ಮರಿ ನಿಂತಿರಲಿಲ್ಲ. ಹೊಳೆವ್ವ ಕಪ್ಪು ಕಿವಿಯ ಮರಿಯನ್ನು ಎತ್ತಿ ಸೆರಗಿನಿಂದ ಒರೆಸಿದಳು, ಬಾಯಿಗೆ ಊದಿದಳು, ಮತ್ತೆ ಒರೆಸಿದಳು. ಆಮೇಲೆ ಸೆರಗು ಅದರ ಮೇಲೆಯೇ ಹೊದಿಸಿದಳು.

ಸುಭಾಷ ಹೊರಗೆ ಬಂದು ಗುಡಾರವನ್ನು ಒಂದು ಸುತ್ತು ಹಾಕಿದ. ಬಾಗಿಲ ಮುಂದೆ ನಿಂತ. ಎದುರಿಗೆ ಹಟ್ಟಿಯಿತ್ತು.

"ಬಾಯಿ ಇತ್ತಾಗ ಹೆಂಗ ಬಂತು?"

"ಗಾಳಿಗೆ ತಿರುಗೇತಿ," ಎಂದ ಅಮೋಘಿ.

"ಗಾಳಿಗೆ?" ಸುಭಾಷ ಬಗ್ಗಿ ಮೂಲೆಯ ಕುಣಿಕೆಯನ್ನು ಮುಟ್ಟಿದ. "ಕಲ್ಲು ಹೂತ ಜಾಗಾದಾಗ ಅದಾವ. ಈ ಗಂಟ ನಾ ಹಾಕಿದ್ದಲ್ಲ. ಇದ ನಿಮ್ಮ ಗಂಟ, ಮಾವ. ಕತ್ತೆಗೆ ಹೇರ ಕಟ್ಟೋ ಗಂಟ. ಯಾಕ ತಿರುಗಿಸಿದ್ರಿ?"

ಹೊಳೆವ್ವ ತಲೆ ಎತ್ತಲಿಲ್ಲ. ಅಮೋಘಿಗೆ ಸುಮ್ಮನಿರುವುದು ಗೊತ್ತಿತ್ತೇ? ಇರಲಿಲ್ಲ. ಸತ್ತ ಮರಿಗಳು ಕಣ್ಣ ಮುಂದೆ, ತಪ್ಪು ತನ್ನ ಕೈಯಲ್ಲಿ. ತಪ್ಪು ಮಾಡಿದವನ ಸಿಟ್ಟು ದುಪ್ಪಟ್ಟು.

"ಹೌದಲೇ, ನಾನಽ ತಿರುಗಿಸೀನಿ! ನಿನ್ನ ಕೈ ಕಾಣಲಿ ಅಂತ ತಿರುಗಿಸೀನಿ! ಕಾಖಂಡಕಿಯೊಳಗ ಎರಡ ಮರಿ ಎಲ್ಲಿ ಹೋದ್ವು? ದಿನಾ ಬದುವಿನ ಆಚೆ ಯಾರ ಕೂಡ ಪಿಸಿಪಿಸಿ ಮಾತಾಡ್ತಿ? ಟಿಕೋಟಾದಾಗ ಯಾವ ದಲ್ಲಾಳಿ ಅದಾನ? ಹೇಳು!"

ಸುಭಾಷ ಬೈಯಲಿಲ್ಲ, ಕೂಗಲಿಲ್ಲ. ಅಂಗಿಯ ಒಳಗಿನಿಂದ ಔಷಧದ ಬಾಟಲಿ ತೆಗೆದು ಅಕ್ಕನ ಹತ್ತಿರ ಇಟ್ಟ.

"ಟಿಕೋಟಾದಾಗ ಒಣದ್ರಾಕ್ಷಿ ಶೆಡ್ಡಿನಾಂವ ಒಬ್ಬಾಂವ ಕೆಲಸಕ್ಕ ಬಾ ಅಂತ ಎರಡ ತಿಂಗಳಾತು ಬೆನ್ನ ಹತ್ಯಾನ. ಇರಾಕ ಖೋಲಿನೂ ಕೊಡ್ತೀನಿ ಅಂತಾನ. ಅಕ್ಕಗ ತಿಳದ್ರ ಅಳ್ತಾಳ ಅಂತ ಆಚೆ ಹೋಗಿ ಮಾತಾಡ್ತಿದ್ದೆ. ಇವತ್ತ ಹೋಗಿ ಒಲ್ಲೆ ಅಂತ ಹೇಳಿ ಬಂದೆ. ಮಳಿಗಾಲ ಮುಗಿಯೂತನ ಮರಿ ಬಿಟ್ಟ ಬರಂಗಿಲ್ಲ ಅಂತ." ಮಾವನ ಕಡೆ ತಿರುಗಿ ಹೇಳಿದ: "ಕಾಖಂಡಕಿಯೊಳಗ ನನಗ ನಿದ್ದಿ ಹತ್ತಿತ್ತು, ಮಾವ. ಅದ ಖರೇ. ನಿದ್ದಿ ಹತ್ತಿತ್ತು ಅನ್ನಾಕ ನಾಚಿಕಿ ಆಗಿ ತೋಳ ಅಂದೆ. ಮರಿ ಯಾರ ಒಯ್ದರೋ ನನಗೂ ಗೊತ್ತಿಲ್ಲ."

"ಈಗ ಹೇಳ್ತಿ!"

"ಈಗ ಕೇಳಿದ್ರಿ."

ಅವನು ಬೈಕು ಎತ್ತಿ ನಿಲ್ಲಿಸಿ ತಳ್ಳಿ ನೋಡಿದ. ತೊಯ್ದ ಎರೆ ಗಾಲಿಗೆ ಮೆತ್ತಿ ಮಡಗಾರ್ಡಿನ ಒಳಗೆ ತುಂಬಿತು, ಗಾಲಿ ಉರುಳಲಿಲ್ಲ. ಅದನ್ನು ಅಲ್ಲೇ ಬಿಟ್ಟ. ಗುಡಾರದೊಳಗೆ ಹೋದ. ಕೋಲು ಕೀಳುತ್ತಾನೆ, ಕಿತ್ತರೆ ಎಲ್ಲ ಬೀಳುತ್ತದೆ ಎಂದು ಅಮೋಘಿ ಕಾದ. ಸುಭಾಷ ತನ್ನ ಕಂಬಳಿಯನ್ನಷ್ಟೇ ತೆಗೆದು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಕೋಲು ನೆತ್ತಿಗೆ ತಾಗಿಕೊಂಡು ಹಾಗೇ ನಿಂತಿತ್ತು.

"ಸುಭ್ಯಾ," ಎಂದಳು ಹೊಳೆವ್ವ.

"ಬರ್ತೀನಿ ಯಕ್ಕಾ," ಎಂದ. ಹೊಲ ದಾಟುವಾಗ ಕಾಲಿಗೆ ಕೆಸರು ಹತ್ತಿ ಹೆಜ್ಜೆ ಒಂದೊಂದಾಗಿ ಎತ್ತಿಡಬೇಕಾಯಿತು. ಒಮ್ಮೆಯೂ ತಿರುಗಿ ನೋಡಲಿಲ್ಲ. ಡಾಂಬರಿಗೆ ಹತ್ತಿ ಕಾಲು ಝಾಡಿಸಿ ನಡೆದ.

"ಹೋಗ್ಲಿ ಬಿಡು, ಹಸಿದ ಮ್ಯಾಲ ಬರ್ತಾನ," ಎಂದ ಅಮೋಘಿ.

ಬರಲಿಲ್ಲ. ಹೊಲ ಆರಿದ ಮೇಲೆ ಒಂದು ಮುಂಜಾನೆ ಇರ್ಫಾನ ಎನ್ನುವವನು ಬಂದ. ತಾನು ಟಿಕೋಟಾದ ದ್ರಾಕ್ಷಿ ಶೆಡ್ಡಿನವನು, ಸುಭಾಷ ಬೈಕು ತರಲು ಕಳಿಸಿದ್ದಾನೆ ಎಂದ. ಗಾಲಿಯ ಮಣ್ಣು ಕೆರೆದು, ಒದ್ದು ಚಾಲೂ ಮಾಡಿದ.

ಗುಡಾರದ ಬಾಯಿ ಮತ್ತೆ ರಸ್ತೆಯ ಕಡೆಗಿತ್ತು. ಅದರ ಮುಂದೆ ಕೂತಿದ್ದ ಅಮೋಘಿ ಎದ್ದು ಬಂದ.

"ತನ್ನ ಕೋಲು ಕೇಳಿದ್ನೇನು?"

"ಇಲ್ರಿ ಕಾಕಾ," ಎಂದ ಇರ್ಫಾನ. "ಗಾಡಿ ಅಷ್ಟಽ ತಾ ಅಂದಾನ."